ಪಿಎಚ್.ಡಿ. ಸೀಟಿಗೂ ಮೊದಲು: ಎಂಜಿನಿಯರಿಂಗ್ ಮತ್ತು ಪರಿಸರ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ಸಿವಿಲ್, ಕೆಮಿಕಲ್, ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮುಗಿಸಿದವರು, ಪರಿಸರ ವಿಜ್ಞಾನ, ಭೂವಿಜ್ಞಾನ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ ವರ್ಷ ಕಳೆಯುತ್ತಿರುವವರು, ಈ ಪತ್ರ ನಿಮಗೆಲ್ಲ. ನಿಮ್ಮಲ್ಲಿ ಅನೇಕರು ಫೋನ್ ಮಾಡುತ್ತೀರಿ, ಮೆಸೇಜ್ ಕಳಿಸುತ್ತೀರಿ. ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಪಿಎಚ್.ಡಿ. ಸೀಟು ಎಲ್ಲಾದರೂ ಖಾಲಿ ಇದೆಯಾ?" ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧಂಬರ್ಧ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಸಾವಧಾನವಾಗಿ ಬರೆಯುವುದು ಮೇಲು ಅನ್ನಿಸಿತು.

ಸಿಇಟಿ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕು ನೋಡಿ, ಉಳಿದಿರುವ ಕಾಲೇಜು ನೋಡಿ ಆರಿಸಿಕೊಂಡ ರೂಢಿ ನಮ್ಮದು. ಅದೇ ರೂಢಿ ಪಿಎಚ್.ಡಿ.ಗೂ ಬಂದುಬಿಟ್ಟಿದೆ. ಆದರೆ ಸಂಶೋಧನೆಯಲ್ಲಿ ಜಾಗ ಹುಟ್ಟುವ ಬಗೆಯೇ ಬೇರೆ. ಒಬ್ಬ ಮಾರ್ಗದರ್ಶಕರ ಬಳಿ ಇನ್ನೂ ಬಿಡಿಸದ ಒಂದು ಪ್ರಶ್ನೆ ಇರುತ್ತದೆ, ಅದಕ್ಕೆ ಹಣ ಸಿಕ್ಕಿರುತ್ತದೆ, ಕೆಲಸಕ್ಕೆ ತಕ್ಕ ಪ್ರಯೋಗಾಲಯ ಇರುತ್ತದೆ. ಈ ಮೂರೂ ಕೂಡಿದ ಕಡೆ ಒಬ್ಬ ವಿದ್ಯಾರ್ಥಿ ಬೇಕಾಗುತ್ತಾನೆ, ಬೇಕಾಗುತ್ತಾಳೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಪ್ರಶ್ನೆಯನ್ನು ಮತ್ತು ಆ ಪ್ರಶ್ನೆಯ ಬೆನ್ನು ಹತ್ತಿರುವ ಜನರನ್ನು. ವಿಶ್ವವಿದ್ಯಾಲಯದ ಹೆಸರು, ಊರು, ದೇಶ ಆಮೇಲೆ. ಇದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಅದರ ಜೊತೆಗೆ ಇನ್ನೊಂದು: ಫೆಲೋಶಿಪ್ಪೋ ಸಂಬಳವೋ ಇಲ್ಲದ ಪಿಎಚ್.ಡಿ.ಗೆ ಕೈ ಹಾಕಬೇಡಿ.

ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಸಂತೋಷಪಟ್ಟಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಹೋರಾಟಗಾರರು ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆ ನೀರಿನಲ್ಲಿ ಉಳಿದುಕೊಂಡ ಮಾತ್ರೆ-ಔಷಧಗಳ ಅಂಶ, ಸಾಬೂನಿನ ಅಂಶ, ನೈಟ್ರೇಟು ಕೆರೆಯ ಹೂಳನ್ನು ದಾಟಿ, ಗ್ರ್ಯಾನೈಟ್ ಬಂಡೆಯ ಬಿರುಕುಗಳಲ್ಲಿ ಇಳಿದು ಕೊಳವೆಬಾವಿ ತಲುಪಲು ಎಷ್ಟು ಕಾಲ ಹಿಡಿಯುತ್ತದೆ? ದಾರಿಯಲ್ಲಿ ಎಷ್ಟು ಸೋಸಿಹೋಗುತ್ತದೆ? ಇದಕ್ಕೆ ಉತ್ತರ ಹುಡುಕಲು ಸಿವಿಲ್ ಎಂಜಿನಿಯರ್ ಬೇಕು, ಭೂವಿಜ್ಞಾನಿ ಬೇಕು, ರಸಾಯನಶಾಸ್ತ್ರದವರೂ ಬೇಕು. 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು, ಉಳ್ಳಾಲದ ತೀರ ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿರುವುದು, ಚಿನ್ನದ ಗಣಿ ಮುಚ್ಚಿ ಎರಡು ದಶಕ ಮೀರಿದರೂ ಕೆಜಿಎಫ್‌ನಲ್ಲಿ ಹಾಗೇ ನಿಂತಿರುವ ಸೈನೈಡ್ ಗುಡ್ಡಗಳು, ಇವೆಲ್ಲ ದಿನಪತ್ರಿಕೆಯಲ್ಲಿ ನೀವು ಓದಿದ ಸುದ್ದಿಗಳೇ. ಒಂದೊಂದರಲ್ಲೂ ಹಲವು ಪ್ರಬಂಧಗಳಿಗೆ ಆಗುವಷ್ಟು ಕೆಲಸವಿದೆ.

ಊರಿನ ಪ್ರಶ್ನೆ ಹಿಡಿದುಕೊಂಡು ಹೊರಟರೆ ಸಂಶೋಧನೆ ಚಿಕ್ಕದಾಗಿಬಿಡುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಸಹೋದ್ಯೋಗಿಗಳ ಜೊತೆ ಸೇರಿ ಕಟ್ಟಿದ 'ಅಸ್ತ್ರ' ಕೇಂದ್ರವನ್ನು ನೆನೆಯಿರಿ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಆ ಹೊತ್ತಿಗಾಗಲೇ ದೊಡ್ಡ ಹೆಸರು ಅವರದು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ, ಅಡುಗೆಗೆ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೊತ್ತು ತರಲು ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆಯಿತು. ಅಲ್ಲಿಂದ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂತು, ಕೆ. ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಗಳ ಮೇಲೆ ಮಾಡಿದ ಕೆಲಸ ಬಂತು. ಪುರ ಎಂಬ ಸಣ್ಣ ಹಳ್ಳಿಯಲ್ಲಿ ಸಗಣಿ ಅನಿಲದಿಂದ ದೀಪವನ್ನೂ ನೀರನ್ನೂ ಕೊಟ್ಟ ಘಟಕ ಬಂತು. ಹಳ್ಳಿಗಳ ಇಂಧನದ ಬಗ್ಗೆ ಹೊರದೇಶದವರೂ ಓದುವ ಪ್ರಬಂಧಗಳು ಆ ಒಲೆಗಳ ಮುಂದೆ ಕುಳಿತವರಿಂದಲೇ ಬಂದವು. ಆ ಕೇಂದ್ರ ಈಗ ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್ ಎಂಬ ಹೆಸರಿನಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ನಡೆಯುತ್ತಿದೆ.

ಅರ್ಹತೆಯ ಬಗ್ಗೆ ನಿಮ್ಮಲ್ಲಿ ಅನವಶ್ಯಕ ಗೊಂದಲಗಳಿವೆ. ಬಿ.ಇ. ಓದಿದವರಿಗೆ ಪರಿಸರ ವಿಜ್ಞಾನದ ಬಾಗಿಲು ಮುಚ್ಚಿದೆ ಎಂದುಕೊಂಡಿದ್ದೀರಿ. ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದಲ್ಲಿ ಎಂಜಿನಿಯರಿಂಗ್ ಓದಿದವರು, ಭೌತಶಾಸ್ತ್ರ ಓದಿದವರು ಪಕ್ಕಪಕ್ಕ ಕೂತು ಮುಂಗಾರಿನ ಮೇಲೆ ಕೆಲಸ ಮಾಡುತ್ತಾರೆ. 1983ರಲ್ಲಿ ಮಾಧವ ಗಾಡ್ಗೀಳರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರಕ್ಕೂ ನಾನಾ ಹಿನ್ನೆಲೆಯವರು ಬರುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಪಿಎಚ್.ಡಿ.ಯಲ್ಲಿ ನೀರು, ಕಾಡು, ಕಾನೂನು, ಸಮಾಜ ಎಲ್ಲ ಒಟ್ಟಿಗೆ ಸೇರಿಕೊಂಡಿವೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆಯೇ ಬಂದಿದೆ. ಅಂಕಗಳು ಮೂರು ವರ್ಷ ಚಾಲ್ತಿಯಲ್ಲಿರುತ್ತವೆ. ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಒಂದು ವಿಷಯ. 2024ರಿಂದ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ, ಜೆಆರ್‌ಎಫ್ ಸಿಗದವರಿಗೂ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಸಿಗಬಹುದು. ಆದರೆ ಪ್ರವೇಶಕ್ಕೆ ಆ ಅಂಕ ಒಂದೇ ವರ್ಷ ನಡೆಯುತ್ತದೆ. 2022ರ ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ನೇರವಾಗಿ ಅರ್ಜಿ ಹಾಕಬಹುದು.

ಈ ಕೊನೆಯ ನಿಯಮ ಓದಿದಾಗಲೆಲ್ಲ ನನಗೆ ಅನ್ನಾ ಮಣಿಯವರ ನೆನಪಾಗುತ್ತದೆ. 1940ರಲ್ಲಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ನರ ಪ್ರಯೋಗಾಲಯ ಸೇರಿ, ವಜ್ರ ಮತ್ತು ಮಾಣಿಕ್ಯಗಳ ವರ್ಣಪಟಲದ ಮೇಲೆ ಹಗಲೂ ರಾತ್ರಿ ಕೆಲಸ ಮಾಡಿ, ಪ್ರಬಂಧವನ್ನೂ ಬರೆದು ಒಪ್ಪಿಸಿದರು. ಆಗ ಪದವಿ ಕೊಡಬೇಕಿದ್ದುದು ಮದ್ರಾಸ್ ವಿಶ್ವವಿದ್ಯಾಲಯ. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ಇಂದಿಗೂ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಮರಳಿ ಬಂದು ಭಾರತೀಯ ಹವಾಮಾನ ಇಲಾಖೆ ಸೇರಿದರು. ಗಾಳಿ, ಬಿಸಿಲು, ಓಜೋನ್ ಅಳೆಯುವ ಉಪಕರಣಗಳನ್ನು ಇಲ್ಲೇ ಮಾಡಿಸಿದರು. ಈ ದೇಶದ ಯಾವ ಊರಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬ ಅಂಕಿಅಂಶದ ಪುಸ್ತಕವನ್ನು 1980ರಲ್ಲಿ ಹೊರತಂದವರೂ ಅವರೇ. ಪಾವಗಡದಂಥ ಸೌರ ಪಾರ್ಕುಗಳ ಲೆಕ್ಕಾಚಾರಕ್ಕೆ ಬೇಕಾದ ವಿದ್ಯೆಗೆ ನಮ್ಮಲ್ಲಿ ತಳಪಾಯ ಹಾಕಿದವರಲ್ಲಿ ಅವರು ಮೊದಲಿಗರು. ಅಂಥವರಿಗೆ ಮುಚ್ಚಿದ್ದ ಬಾಗಿಲು ಈಗ ನಿಮಗೆ ತೆರೆದಿದೆ. ಅದು ಎಲ್ಲಿದೆ ಎಂದು ಗೊತ್ತಿಲ್ಲದೆ ನೀವು ಹೊರಗೇ ಉಳಿಯಬಾರದು.

ಜನರನ್ನು ಹುಡುಕುವುದು ಹೇಗೆ? ಶೋಧಗಂಗಾ ಎಂಬ ಸರ್ಕಾರಿ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಪೂರ್ತಿಯಾಗಿ, ಪುಕ್ಕಟೆಯಾಗಿ ಓದಲು ಸಿಗುತ್ತವೆ. ನಿಮ್ಮ ವಿಷಯದ ನಾಲ್ಕು ಪದ ಕೊಟ್ಟು ಹುಡುಕಿ. ಯಾವ ಗೈಡ್ ಹತ್ತಿರ ಯಾರು ಯಾವ ವರ್ಷ ಮುಗಿಸಿದರು, ಕೆಲಸ ಎಷ್ಟು ಗಟ್ಟಿ, ಒಂದೇ ಪ್ರಬಂಧವನ್ನು ತಾಲ್ಲೂಕಿನ ಹೆಸರು ಬದಲಿಸಿ ನಾಲ್ಕು ಜನ ಬರೆದಿದ್ದಾರೆಯೇ, ಎಲ್ಲ ಕಣ್ಣಿಗೆ ಕಾಣುತ್ತದೆ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಮುಂದೆ ಮಾಡಬೇಕಾದ ಕೆಲಸ ಎಂಬ ಭಾಗ ಇರುತ್ತದೆ. ಅದನ್ನು ತಪ್ಪದೆ ಓದಿ. ಅರ್ಧಕ್ಕೆ ನಿಂತ ಪ್ರಶ್ನೆಗಳು ಅಲ್ಲಿ ಕಾದಿರುತ್ತವೆ. ನಿಯತಕಾಲಿಕಗಳ ಚಂದಾ ಕಟ್ಟಲಾಗದು ಎಂಬ ಅಡ್ಡಿ ಇತ್ತು. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾವಿರಾರು ನಿಯತಕಾಲಿಕಗಳು ತೆರೆದಿವೆ. ನಿಮ್ಮ ಕಾಲೇಜಿನ ಲೈಬ್ರರಿಯನ್ ಹತ್ತಿರ ಹೋಗಿ ನಮ್ಮ ಕಾಲೇಜು ಇದರಲ್ಲಿ ಸೇರಿದೆಯೇ ಎಂದು ಕೇಳಿ. ಸೇರಿರದಿದ್ದರೆ ಸೇರಿಸಿ ಎಂದು ಅರ್ಜಿ ಬರೆದುಕೊಡಿ.

ಓದಿಯಾದ ಮೇಲೆ ಬರುವುದು ಪತ್ರ. ಇಲ್ಲಿ ನಿಮ್ಮಲ್ಲಿ ಬಹಳ ಜನ ಎಡವುತ್ತೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರಾಧ್ಯಾಪಕರಿಗೆ ಬರುವ ಬಹುಪಾಲು ಇಮೇಲ್‌ಗಳು ಒಂದೇ ಅಚ್ಚಿನವು. ತಮ್ಮ ಘನ ಸಂಸ್ಥೆಯಲ್ಲಿ ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಲು ಬಹಳ ಆಸಕ್ತಿ ಇದೆ, ನಾನು ಶ್ರಮಜೀವಿ, ರೆಸ್ಯೂಮೆ ಲಗತ್ತಿಸಿದೆ. ಅದೇ ಪತ್ರ ಮೂವತ್ತು ಜನಕ್ಕೆ ಹೋಗಿರುತ್ತದೆ. ಓದಿದವರಿಗೆ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆದ ಪತ್ರವನ್ನು ಊಹಿಸಿಕೊಳ್ಳಿ: "ನಾನು ಪಾವಗಡ ತಾಲ್ಲೂಕಿನವನು. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನಮ್ಮೂರ ಸುತ್ತಲಿನ ಕೊಳವೆಬಾವಿಗಳ ಫ್ಲೋರೈಡನ್ನು ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಅಳೆದಿದ್ದೇನೆ. ಹೆಚ್ಚಿನವುಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು ಇರುವ ನೀರಿನಲ್ಲಿ ಫ್ಲೋರೈಡ್ ಏರುತ್ತದೆ ಎಂದು ನಿಮ್ಮ ಪ್ರಬಂಧದಲ್ಲಿ ತೋರಿಸಿದ್ದೀರಿ. ನನ್ನ ಬಾವಿಗಳಲ್ಲೂ ಬಹುಪಾಲು ಹಾಗೇ ಇದೆ, ಆದರೆ ಎರಡರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೂ ಫ್ಲೋರೈಡ್ ಹೆಚ್ಚಿದೆ. ಆಳದ ವ್ಯತ್ಯಾಸದಿಂದ ಹೀಗಾಗಿರಬಹುದೇ ಎಂದು ತಿಳಿಯುವ ಕುತೂಹಲವಿದೆ. ಅಯಾನ್ ಎಲೆಕ್ಟ್ರೋಡ್‌ನಲ್ಲಿ ಅಳತೆ, ಕ್ಯುಜಿಐಎಸ್‌ನಲ್ಲಿ ನಕ್ಷೆ ಮಾಡಲು ಬರುತ್ತದೆ. ಭೂಜಲ ಮಾದರಿಗಳು ಬರುವುದಿಲ್ಲ, ಕಲಿಯುತ್ತೇನೆ. ಈ ವರ್ಷ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಅವಕಾಶ ಇದೆಯೇ?"

ಈ ಪತ್ರಕ್ಕೆ ಕಷ್ಟದ ಇಂಗ್ಲಿಷ್ ಬೇಕಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವರೂ ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ ಬರೆಯಬಲ್ಲರು. ಅದರಲ್ಲಿರುವುದು ಓದಿದ ಒಂದು ಪ್ರಬಂಧ, ಕೈಯಾರೆ ಮಾಡಿದ ಕೆಲಸ, ಹೊಂದಿಕೆಯಾಗದ ಎರಡು ಅಂಕಿ, ಬಾರದ ವಿದ್ಯೆಯ ಬಗ್ಗೆ ನೇರ ಮಾತು. ನಾನು ಇಂಥ ಪತ್ರವನ್ನು ಓದದೆ ಬಿಟ್ಟಿಲ್ಲ, ನನಗೆ ಗೊತ್ತಿರುವ ಯಾವ ಗೈಡ್ ಕೂಡ ಬಿಡುವುದಿಲ್ಲ. ಚಾಟ್‌ಜಿಪಿಟಿಯಂಥವುಗಳಿಂದ ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಪತ್ರವನ್ನೇ ಬರೆಸಿಕೊಳ್ಳಬೇಡಿ, ನಿಮ್ಮ ಆ ಎರಡು ಬಾವಿಗಳ ವಿಷಯ ಅದಕ್ಕೆ ಗೊತ್ತಿರುವುದಿಲ್ಲ. ಉತ್ತರ ಬಾರದಿದ್ದರೆ ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಎರಡು ಸಾಲು ಬರೆಯಿರಿ. ಆಗಲೂ ಬಾರದಿದ್ದರೆ ಬೇರೆಯವರ ಕಡೆ ತಿರುಗಿ.

ಸಂದರ್ಶನದ ಬಗ್ಗೆ ಒಂದು ಮಾತು. ವಿಜ್ಞಾನ ಸಂಸ್ಥೆಯಲ್ಲಾಗಲಿ, ಐಐಟಿಗಳಲ್ಲಾಗಲಿ, ಸುರತ್ಕಲ್‌ನ ಎನ್‌ಐಟಿಯಲ್ಲಾಗಲಿ ಕೂತವರು ಕೇಳುವುದು ಬಹುತೇಕ ಬುಡದ ಪ್ರಶ್ನೆಗಳು. ಇಷ್ಟವಾದ ವಿಷಯ ಯಾವುದು ಎನ್ನುತ್ತಾರೆ. ನೀರಿನ ಗುಣಮಟ್ಟ ಅಂದಿರೆನ್ನಿ, ಸೀಮೆಸುಣ್ಣ ಕೈಗೆ ಕೊಡುತ್ತಾರೆ. ನದಿಗೆ ಕೊಳಚೆ ಸೇರುವ ಜಾಗದಿಂದ ಕೆಳಕ್ಕೆ ಹೋದಂತೆ ನೀರಿನಲ್ಲಿ ಕರಗಿದ ಆಮ್ಲಜನಕ ಹೇಗೆ ಬದಲಾಗುತ್ತದೆ, ಗೆರೆ ಎಳೆಯಿರಿ. ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಅಮೆರಿಕದ ಓಹಾಯೊ ನದಿಗಾಗಿ ಬರೆದ ಸಮೀಕರಣ ಅದು. ಸೂತ್ರ ಎಲ್ಲರ ಬಾಯಿಗೂ ಬರುತ್ತದೆ, ಗೆರೆಯನ್ನೂ ಹಲವರು ಎಳೆಯುತ್ತಾರೆ. ಆಮೇಲಿನ ಪ್ರಶ್ನೆಗೆ ಕೋಣೆ ಮೌನವಾಗುತ್ತದೆ: ಕೊಳಚೆ ಹೆಚ್ಚಿರುವುದು ಸೇರುವ ಜಾಗದಲ್ಲಿ ತಾನೆ, ಆಮ್ಲಜನಕ ತೀರ ಕೆಳಗಿಳಿಯುವುದು ಅಲ್ಲೇ ಆಗದೆ ಅಷ್ಟು ದೂರದಲ್ಲಿ ಯಾಕೆ? ಸೂಕ್ಷ್ಮಜೀವಿಗಳು ಆಮ್ಲಜನಕ ತಿನ್ನುವ ವೇಗ ಮತ್ತು ಗಾಳಿಯಿಂದ ಅದು ನೀರಿಗೆ ಮರಳಿ ಸೇರುವ ವೇಗ, ಇವೆರಡೂ ಸಮವಾಗುವ ಕಡೆಯೇ ಆ ತಗ್ಗು ಎಂದು ಯೋಚಿಸಿ ಹೇಳಿದರೆ ಸಾಕು. ಅದನ್ನು ವೃಷಭಾವತಿಗೆ ಅನ್ವಯಿಸಿ ನೋಡಿ ಎಂದರೆ ಇನ್ನೂ ಚೆಂದ: ದಾರಿಯುದ್ದಕ್ಕೂ ಹೊಸ ಕೊಳಚೆ ಸೇರುತ್ತಲೇ ಇರುವ ನದಿಯಲ್ಲಿ ಆ ಗೆರೆ ಮೇಲೇಳಲು ಅವಕಾಶ ಎಲ್ಲಿದೆ? ತಪ್ಪು ಹೇಳಿದರೂ ಜೋರಾಗಿ ಯೋಚಿಸುವವರನ್ನು ಸಮಿತಿ ಇಷ್ಟಪಡುತ್ತದೆ. ಹೀಗಾಗಿ ಬಿ.ಇ., ಬಿ.ಎಸ್ಸಿ.ಯ ಪುಸ್ತಕಗಳನ್ನು ಮಾರಿಬಿಡಬೇಡಿ. ಎರಡು ವಿಷಯ ಆರಿಸಿಕೊಂಡು 'ಯಾಕೆ' ಎಂದು ಕೇಳಿಕೊಳ್ಳುತ್ತ ಮತ್ತೆ ಓದಿ.

ಈಗ ಹಣದ ಮಾತು. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ ಆದಾಗ 42,000. ಮನೆ ಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್‌ನಲ್ಲಿ ಮೊದಲೆರಡು ವರ್ಷ 70,000 ಎಂದು ನಿಗದಿಯಾಗಿತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಹೊರದೇಶದಲ್ಲಿ ಓದಲು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಇವನ್ನು ಪಡೆಯುವುದು ಹಕ್ಕು, ಸಂಕೋಚ ಬೇಡ. ಫೆಲೋಶಿಪ್ ತಡವಾಗಿ ಬರುವುದುಂಟು, ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಸೇರುವ ಮುನ್ನ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಳ್ಳಿ. ಅಲ್ಲಿ ಓದುತ್ತಿರುವವರನ್ನು, ದುಡ್ಡು ಸರಿಯಾಗಿ ಬರುತ್ತದೆಯೇ ಎಂದು ಕೇಳಿಯೇ ಸೇರಿ.

ಸಂಬಳವಿಲ್ಲದ ಪಿಎಚ್.ಡಿ.ಯನ್ನು ನಾನು ಇಷ್ಟು ಒತ್ತಿ ವಿರೋಧಿಸುವುದಕ್ಕೆ ಕಾರಣ, ಅದರಲ್ಲಿ ನಲುಗಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಬಡ್ತಿಗೆ ಬೇಕೆಂಬ ಒತ್ತಡಕ್ಕೆ ಪಾರ್ಟ್‌ಟೈಮ್ ರಿಜಿಸ್ಟ್ರೇಷನ್ ಮಾಡಿಸಿ, ವಾರಕ್ಕೆ ಹದಿನೆಂಟು ಗಂಟೆ ಪಾಠ, ಪರೀಕ್ಷಾ ಕೆಲಸ, ಅಡ್ಮಿಷನ್ ಪ್ರಚಾರ ಎಲ್ಲ ಮುಗಿಸಿ ರಾತ್ರಿ ಪ್ರಬಂಧಕ್ಕೆ ಕೂರುವವರು. ಪ್ರತಿ ವರ್ಷ ಶುಲ್ಕ ಕಟ್ಟುತ್ತಾರೆ. ಮಾದರಿಗಳ ಪರೀಕ್ಷೆಗೂ ಕೈಯಿಂದಲೇ ಖರ್ಚು. ಅವರಲ್ಲಿ ಛಲ ಹಿಡಿದು ಒಳ್ಳೆಯ ಕೆಲಸ ಮಾಡಿದವರಿದ್ದಾರೆ, ಅವರ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಪರಿಸರದ ಕೆಲಸ ಹೊಲ, ಕೆರೆ, ಹೊಳೆ ಅಲೆಯದೆ ಆಗುವುದಿಲ್ಲ. ಭಾನುವಾರಗಳಲ್ಲಿ ಮಾತ್ರ ಮಾದರಿ ತೆಗೆದು ಮುಂಗಾರಿನ ಪ್ರವಾಹವನ್ನು ಅಳೆಯಲಾಗುವುದಿಲ್ಲ. ಪ್ರವೇಶ ಕೊಡಿಸುತ್ತೇವೆ, ಪೇಪರ್ ಹಾಕಿಸುತ್ತೇವೆ, ಪ್ರಬಂಧ ಬರೆದುಕೊಡುತ್ತೇವೆ ಎನ್ನುವ ಏಜೆನ್ಸಿಗಳ ಹತ್ತಿರವಂತೂ ಸುಳಿಯಬೇಡಿ. ಹಣ ತೆಗೆದುಕೊಂಡು ವಾರದಲ್ಲಿ ಅಚ್ಚು ಹಾಕುವ ನಕಲಿ ನಿಯತಕಾಲಿಕದಲ್ಲಿ ನಿಮ್ಮ ಹೆಸರು ಒಮ್ಮೆ ಬಂದರೆ, ಮುಂದೆ ಒಳ್ಳೆಯ ಗುಂಪಿಗೆ ಅರ್ಜಿ ಹಾಕಿದಾಗ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸಲು ಪೇಪರ್ ಹಾಕಲೇಬೇಕೆಂಬ ಕಡ್ಡಾಯವನ್ನು ಯುಜಿಸಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಈಗಲೂ ಕೇಳುತ್ತದೆಯೇ ಎಂದು ವಿಚಾರಿಸಿಕೊಳ್ಳಿ.

ನೆಟ್, ಗೇಟ್ ಕೈಗೆ ಸಿಗದಿದ್ದರೆ ಇನ್ನೊಂದು ದಾರಿ ಇದೆ, ಅದನ್ನು ನಮ್ಮ ಹುಡುಗರು ಕಡೆಗಣಿಸುತ್ತಾರೆ. ಸಂಸ್ಥೆಗಳು ಪ್ರಾಜೆಕ್ಟ್ ಅಸೋಸಿಯೇಟ್‌ನಂಥ ಹುದ್ದೆಗಳಿಗೆ ವರ್ಷವಿಡೀ ಜಾಹೀರಾತು ಕೊಡುತ್ತಿರುತ್ತವೆ. ನಾಗಪುರದ ನೀರಿ, ಗೋವಾದ ಸಾಗರ ವಿಜ್ಞಾನ ಸಂಸ್ಥೆ, ರೂರ್ಕಿಯ ಜಲವಿಜ್ಞಾನ ಸಂಸ್ಥೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ನಮ್ಮ ಕೃಷಿ ವಿಶ್ವವಿದ್ಯಾಲಯಗಳು, ಧಾರವಾಡದ ಐಐಟಿ, ಎಲ್ಲ ಕಡೆ. ಒಂದೆರಡು ವರ್ಷ ಅಲ್ಲಿ ದುಡಿದರೆ ಉಪಕರಣ ಕೈಗೆ ಪಳಗುತ್ತದೆ, ಹೊಲದ ಕೆಲಸದ ಶಿಸ್ತು ಬರುತ್ತದೆ, ನಿಮ್ಮನ್ನು ಬಲ್ಲವರೊಬ್ಬರು ಶಿಫಾರಸು ಪತ್ರ ಬರೆಯಲು ಸಿಗುತ್ತಾರೆ. ನಿಜಕ್ಕೂ ಸಂಶೋಧನೆ ನಿಮಗೆ ಒಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ. ಒಗ್ಗದಿದ್ದರೆ ಐದು ವರ್ಷ ಕಳೆದುಕೊಳ್ಳದೆ ಹೊರಬರಬಹುದು.

ಗೈಡ್ ಆರಿಸಿಕೊಳ್ಳುವಾಗ, ಮನೆಯಲ್ಲಿ ಗಂಡು ನೋಡುವಾಗ ಹತ್ತು ಕಡೆ ವಿಚಾರಿಸುತ್ತಾರಲ್ಲ, ಅಷ್ಟು ವಿಚಾರಿಸಿ. ಈಗ ಅವರ ಬಳಿ ಇರುವ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಸಿಕ್ಕಿ ಮಾತಾಡಿಸಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ನಡುವೆ ಬಿಟ್ಟುಹೋದವರು ಯಾಕೆ ಬಿಟ್ಟರು, ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ವಿದ್ಯಾರ್ಥಿಯ ಹೆಸರೇ ಮೊದಲು ಬರುತ್ತದೆಯೇ, ಪ್ರಾಧ್ಯಾಪಕರು ವಾರಕ್ಕೊಮ್ಮೆಯಾದರೂ ಕೂತು ಮಾತಾಡುತ್ತಾರೆಯೇ, ಸ್ವಂತ ಮನೆಯ ಕೆಲಸ ಹೇಳುತ್ತಾರೆಯೇ. ಇದನ್ನೆಲ್ಲ ಕೇಳುವುದು ಅಗೌರವವಲ್ಲ. ನಿಯಮದಲ್ಲೂ ಕೆಲವು ರಕ್ಷಣೆಗಳಿವೆ: ವಿಶ್ವವಿದ್ಯಾಲಯಗಳಲ್ಲಿ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು ಜನರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ, ಅಸೋಸಿಯೇಟ್ ಪ್ರೊಫೆಸರ್‌ಗೆ ಆರು, ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಾಲ್ಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳಬಾರದು. ಗೈಡ್ ನಿವೃತ್ತರಾಗಿ, ಪ್ರಬಂಧ ಹಿಡಿದು ಹೊಸ ಗೈಡ್ ಹುಡುಕುತ್ತ ಅಲೆದವರ ಪಾಡು ನಿಮಗೆ ಬೇಡ.

ಹೊರದೇಶಕ್ಕೆ ಹೋಗಬೇಕೆಂದಿರುವವರಿಗೆ. ನೆದರ್‌ಲೆಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಪಿಎಚ್.ಡಿ. ಒಂದು ಉದ್ಯೋಗ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಆಯ್ಕೆಯಾದರೆ ಸಂಬಳ, ರಜೆ ಎಲ್ಲ ನೌಕರರ ಹಾಗೇ. ಹಾಗಾಗಿ ಅಲ್ಲಿಯ ಪ್ರಾಧ್ಯಾಪಕರಿಗೆ ಸುಮ್ಮನೆ ಇಮೇಲ್ ಕಳಿಸುವುದಕ್ಕಿಂತ ಜಾಹೀರಾತುಗಳನ್ನು ವಾರವಾರವೂ ನೋಡುವುದು ಉಪಯುಕ್ತ. ಯೂರೋಪಿನ ಯೂರಾಕ್ಸೆಸ್ ತಾಣದಲ್ಲಿ ಹಲವು ದೇಶಗಳ ಹುದ್ದೆಗಳು ಒಟ್ಟಿಗೆ ಸಿಗುತ್ತವೆ. ಜರ್ಮನಿಯ ಜಾಹೀರಾತಿನಲ್ಲಿ ಇ-13 ಎಂಬ ವೇತನ ಶ್ರೇಣಿಯ ಪಕ್ಕ ಶೇ. 65, ಶೇ. 75 ಎಂದು ಬರೆದಿದ್ದರೆ, ಪೂರ್ತಿ ಸಂಬಳದಲ್ಲಿ ನಿಮಗೆ ಅಷ್ಟು ಪಾಲು ಎಂದು ಅರ್ಥ. ಯೂರೋಪಿನ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳಲ್ಲಿ ಸಂಬಳ ಚೆನ್ನಾಗಿದೆ, ಆದರೆ ಒಂದು ಷರತ್ತು: ಸೇರುವ ಮುನ್ನಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿದ್ದಿರಬಾರದು. ಜರ್ಮನಿಯಲ್ಲಿ ಎರಡು ವರ್ಷ ಎಂ.ಎಸ್. ಓದುತ್ತಿರುವವರು ಅಲ್ಲಿನ ಹುದ್ದೆಗೆ ಅರ್ಜಿ ಹಾಕಿ ಈ ಒಂದು ಸಾಲಿನಿಂದ ಹೊರಬೀಳುತ್ತಾರೆ; ಶಿವಮೊಗ್ಗದಲ್ಲಿ ಕೂತವರಿಗೆ ಆ ತೊಡಕಿಲ್ಲ. ಫ್ಲೋರೈಡ್, ಆರ್ಸೆನಿಕ್ ವಿಷಯದಲ್ಲಿ ಕೆಲಸ ಮಾಡುವವರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಪಕ್ಕದ ಇಆವಾಗ್ ಸಂಸ್ಥೆಯ ಪ್ರಬಂಧಗಳನ್ನು ಓದಲೇಬೇಕು. ಬಡ ದೇಶಗಳ ಅಂತರ್ಜಲದ ಮೇಲೆ ಅವರ ಕೆಲಸ ದೊಡ್ಡದು.

ಅಮೆರಿಕದ ರೀತಿ ಬೇರೆ. ಅಲ್ಲಿ ಬಿ.ಇ. ಮುಗಿಸಿದವರೂ ನೇರವಾಗಿ ಪಿಎಚ್.ಡಿ. ಸೇರಬಹುದು, ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಆಗಿ ಖರ್ಚು ತೂಗಿಸಬಹುದು. ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್. ಆದರೆ 2025ರಿಂದ ಅಲ್ಲಿ ಸಂಶೋಧನಾ ಅನುದಾನಗಳಿಗೆ ಕತ್ತರಿ ಬಿದ್ದಿದೆ, ಹವಾಮಾನ ಮತ್ತು ಪರಿಸರದ ಕ್ಷೇತ್ರಕ್ಕೆ ಏಟು ಜೋರಾಗಿದೆ, ಹಲವು ವಿಭಾಗಗಳು ಪ್ರವೇಶವನ್ನು ಕಡಿಮೆ ಮಾಡಿವೆ. ಅಮೆರಿಕವೊಂದನ್ನೇ ನೆಚ್ಚಿಕೊಂಡು ಸಾಲ ಮಾಡಬೇಡಿ. ಅರ್ಜಿ ಶುಲ್ಕ ಒಂದೊಂದಕ್ಕೂ ಸಾವಿರಾರು ರೂಪಾಯಿ. ಶುಲ್ಕ ಮನ್ನಾ ಕೇಳಿ, ಕೆಲವರು ಕೊಡುತ್ತಾರೆ.

ಕೊನೆಯಲ್ಲಿ ಹೆಣ್ಣುಮಕ್ಕಳಿಗೆ, ಅವರ ಮೂಲಕ ಅವರ ಮನೆಯವರಿಗೆ. ನನ್ನ ಬಳಿ ಬಂದ ಅತ್ಯುತ್ತಮ ಪ್ರಶ್ನೆಗಳಲ್ಲಿ ಬಹಳಷ್ಟು ನಿಮ್ಮಿಂದ ಬಂದವು. ದಾಖಲಾತಿಯ ಹೊತ್ತಿಗೆ ಮದುವೆ ನಿಶ್ಚಯವಾಗಿ ಕಾಣೆಯಾದವರೂ ನಿಮ್ಮಲ್ಲೇ ಹೆಚ್ಚು. ಅದನ್ನು ನೋಡುವಾಗ ಆಗುವ ಸಂಕಟ ದೊಡ್ಡದು. ಹೊಳೆ ದಂಡೆಗೆ, ಕಾಡಿಗೆ, ಗಣಿ ಪ್ರದೇಶಕ್ಕೆ ಹೋಗುವ ಕೆಲಸದಲ್ಲಿ ಜೊತೆಗಾರರಿರುತ್ತಾರೆಯೇ, ವಾಹನ ಕೊಡುತ್ತಾರೆಯೇ, ಹಾಸ್ಟೆಲ್ ಇದೆಯೇ, ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಕೆಲಸ ಮಾಡುತ್ತಿದೆಯೇ ಎಂದು ಸೇರುವ ಮೊದಲೇ ಕೇಳಿ. ಸರಿಯಾದ ಗುಂಪು ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಮದುವೆಯಾದರೆ, ಮಗುವಾದರೆ ಪಿಎಚ್.ಡಿ. ಮುಗಿಯುವುದಿಲ್ಲ ಎಂದು ಹೇಳುವವರಿಗೆ 2022ರ ನಿಯಮವನ್ನು ತೋರಿಸಿ. ಪ್ರಬಂಧ ಸಲ್ಲಿಸಲು ಎಲ್ಲರಿಗೂ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆ ಎರಡು ವರ್ಷದವರೆಗೆ ಸಡಿಲಿಕೆ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳ ರಜೆ ಇದೆ. ಆ ಪುಟವನ್ನು ಮುದ್ರಿಸಿ ತೆಗೆದುಕೊಂಡು ಹೋಗಿ, ಮನೆಯ ಹಿರಿಯರೊಂದಿಗೆ ಕೂತು ಓದಿ. ಅವರಿಗೆ ಅರ್ಥವಾಗದ ಕಡೆ ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಅರ್ಜಿ ತುಂಬಿ.

ಇಂತಿ ನಿಮ್ಮ ಹಿತೈಷಿ,
ಪರಿಸರ ಎಂಜಿನಿಯರಿಂಗ್ ಕಲಿಸುವ ಒಬ್ಬ ಮೇಷ್ಟ್ರು